ಜವರಮ್ಮ ಕಟ್ಟು ಬಿಚ್ಚುವ ಹೊತ್ತು

ಅಷ್ಟು ದಪ್ಪ ಕೈಗಳನ್ನು ಅದಕ್ಕೆ ಮುಂಚೆ ನಾನು ಹೆಂಗಸರಲ್ಲಿ ಕಂಡಿರಲಿಲ್ಲ. ಒಂದೊಂದು ಬೆರಳೂ ಎಳೆ ಬಾಳೆಕಾಯಿಯ ಗಾತ್ರ. ಅಂಗೈ ಒರಟು. ಬಲಗೈ ಹೆಬ್ಬೆರಳಿನ ಉಗುರು ಯಾವ ಕಾಲದಲ್ಲೋ ಜಜ್ಜಿಹೋಗಿ ಅರ್ಧಕ್ಕೇ ನಿಂತುಬಿಟ್ಟಿತ್ತು. ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲೊಂದು ನೀಲಿ ವೈರ್ ಬ್ಯಾಗ್ ಇಟ್ಟುಕೊಂಡು, ತೊಣ್ಣೂರಿನ ನಮ್ಮ ಮನೆಯ ಜಗಲಿಯ ಮೇಲೆ ಜವರಮ್ಮ ಕೂತಿದ್ದರು. ಒಳಗೆ ಮಂಚದ ಮೇಲಿದ್ದ ನಮ್ಮತ್ತೆ ಕಿಟಕಿಯಿಂದ ಅದನ್ನು ನೋಡಿ, ನನ್ನನ್ನು ಸನ್ನೆ ಮಾಡಿ ಕರೆದು, "ಆ ಕೈಯಲ್ಲಿ ನನ್ನನ್ನು ಮುಟ್ಟಿಸ್ತೀಯೇನೇ? ಅದಕ್ಕಿಂತ ಕೆರೆಗೆ ದೂಡಿಬಿಡು" ಎಂದರು.

ಅತ್ತೆಯ ಮಾತೇ ಹಾಗೆ, ಖಾರ. ಆದರೆ ಅವತ್ತು ಅವರು ತಮಾಷೆ ಮಾಡುತ್ತಿರಲಿಲ್ಲ. ಇನ್ನು ಗಾಯದ ಕಟ್ಟು ಬಿಚ್ಚಿಸಿಕೊಳ್ಳುವುದೇ ಇಲ್ಲ ಎಂದು ಹಠ ಹಿಡಿದು ಆಗಲೇ ಐದು ದಿನವಾಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ಅತ್ತೆಯ ಎಡ ಎದೆಯಲ್ಲಿ ಗಂಟಾಗಿತ್ತು. ಅದನ್ನು ಎರಡು ವರ್ಷ ಸೆರಗಿನ ಅಡಿಯಲ್ಲೇ ಮುಚ್ಚಿಟ್ಟುಕೊಂಡು, ಅಡುಗೆ ಮಾಡಿಕೊಂಡು, ತುಳಸಿ ಮಾಲೆ ಕಟ್ಟಿಕೊಂಡು ಓಡಾಡಿದ್ದರು. ಮಗನ ಹತ್ತಿರ ಹೇಳುವ ವಿಷಯವಲ್ಲ, ಸೊಸೆಯ ಹತ್ತಿರ ಹೇಳಲು ಬಿಗುಮಾನ. ನಮಗೆ ಗೊತ್ತಾಗುವ ಹೊತ್ತಿಗೆ ಗಂಟು ಒಡೆದು ಅಂಗೈಯಗಲದ ಹುಣ್ಣಾಗಿತ್ತು. ಮೈಸೂರಿನಲ್ಲಿ ತೋರಿಸಿದೆವು. ಕ್ಯಾನ್ಸರು, ಆಪರೇಷನ್ ಮಾಡುವ ಹಂತ ದಾಟಿದೆ, ಮನೆಯಲ್ಲೇ ಗಾಯ ಶುಚಿಯಾಗಿ ನೋಡಿಕೊಳ್ಳಿ, ನೋವಿಗೆ ಮಾತ್ರೆ ಕೊಡಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅತ್ತೆ ಬಸ್ಸಿನಲ್ಲಿ ವಾಪಸು ಬರುವಾಗ ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೊಳೆಗೆ ಕೈ ಮುಗಿದರು, ಅಷ್ಟೇ.

ಮೊದಲ ಮೂರು ವಾರ ಒಬ್ಬ ಕಾಂಪೌಂಡರು ಬೆಳಿಗ್ಗೆ ಆರಕ್ಕೆಲ್ಲ ಲೂನಾದಲ್ಲಿ ಬಂದು ಕಟ್ಟು ಬದಲಾಯಿಸಿ ಹೋಗುತ್ತಿದ್ದರು. ಕೆಟ್ಟವರಲ್ಲ, ಪಾಪ. ಬೇಗ ಎಳೆದರೆ ಬೇಗ ಮುಗಿಯುತ್ತದೆ ಎನ್ನುವುದು ಅವರ ನಂಬಿಕೆ, ನಮ್ಮದೂ ಅದೇ. ಒಸರಿ ಒಣಗಿ ಗಾಯಕ್ಕೆ ಅಂಟಿಕೊಂಡ ಬಟ್ಟೆಯ ಒಂದು ತುದಿ ಹಿಡಿದು, "ನಾರಾಯಣ ಅನ್ನಿ ತಾಯಿ" ಎಂದು ಒಂದೇ ಸಲಕ್ಕೆ ಕಿತ್ತುಬಿಡುತ್ತಿದ್ದರು. ಅತ್ತೆಯ ಕೈ ಹಿಡಿದುಕೊಳ್ಳುವುದು ನನ್ನ ಕೆಲಸ. ಹಿಡಿದುಕೊಳ್ಳುವುದು ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ಅದುಮಿ ಹಿಡಿಯುತ್ತಿದ್ದೆ. ಮಾತು ಎಷ್ಟೇ ಖಾರವಾದರೂ ದನಿ ಏರಿಸಿ ಗೊತ್ತಿಲ್ಲದ ಹೆಂಗಸು ಅವರು. ಅವರ ಕೂಗು ದೇವಸ್ಥಾನದ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ಗರ್ಭಗುಡಿಯಲ್ಲಿ ಪೂಜೆಗೆ ಅಣಿ ಮಾಡುತ್ತಿದ್ದ ನಮ್ಮವರು, ಅವರ ಮಗ, ಕಿವಿ ಮುಚ್ಚಿಕೊಳ್ಳಲೂ ಆಗದೆ ಮಂತ್ರ ಜೋರು ಮಾಡುತ್ತಿದ್ದರಂತೆ.

ಒಂದು ದಿನ ಕಾಂಪೌಂಡರು ಬಂದಾಗ ಅತ್ತೆ ಗೋಡೆ ಕಡೆ ತಿರುಗಿ ಮಲಗಿ, "ಕೊಳೆತರೆ ಕೊಳೀಲಿ. ಮುಟ್ಟಬೇಡಿ" ಎಂದರು. ಎರಡು ದಿನಕ್ಕೆ ವಾಸನೆ ಶುರುವಾಯಿತು. ಊದಿನಕಡ್ಡಿ ಹಚ್ಚಿದರೆ ಊದಿನಕಡ್ಡಿಯ ವಾಸನೆಯೂ ಅದರ ಜೊತೆ ಸೇರಿಕೊಂಡು ಇನ್ನಷ್ಟು ಕೆಡುತ್ತಿತ್ತು. ಮೊಮ್ಮಗಳನ್ನು ಕೋಣೆಗೆ ಬಿಡಬೇಡ ಎಂದರು. ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗು ಎಂದರು. ತನ್ನ ಮೈಯನ್ನು ತಾನೇ ದೂರ ಇಟ್ಟುಬಿಟ್ಟಿದ್ದರು. ನಾನು ಪಾಂಡವಪುರದ ಔಷಧಿ ಅಂಗಡಿಯಲ್ಲಿ ಹತ್ತಿಬಟ್ಟೆ ಕೊಳ್ಳುತ್ತಾ ಅತ್ತುಬಿಟ್ಟಾಗ ಅಂಗಡಿಯವರು, "ಡ್ರೆಸ್ಸರ್ ಜವರಮ್ಮ ಅಂತ ಅವ್ರೆ ಕಣಮ್ಮ, ದೊಡ್ಡಾಸ್ಪತ್ರೆಲಿದ್ದು ರಿಟೈರಾಗವ್ರೆ. ಸಕ್ಕರೆ ಕಾರ್ಖಾನೆ ತಾವ ಅವರ ಮನೆ. ಕೇಳಿ ನೋಡಿ" ಎಂದರು.

ಹಾಗೆ ಬಂದವರು ಜವರಮ್ಮ. ನಾಗಮಂಗಲದ ಕಡೆ ದೇವಲಾಪುರದಲ್ಲಿ ಹುಟ್ಟಿದ ಗೌಡರ ಮನೆಯ ಹೆಂಗಸು, ಮಕ್ಕಳಿಲ್ಲ, ಗಂಡ ಕಾರ್ಖಾನೆಯಲ್ಲಿದ್ದು ತೀರಿಹೋಗಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟು ಕಟ್ಟಿದ್ದೇ ಅವರ ಕಸುಬು. ಅದರಲ್ಲಿ ಬಹುಪಾಲು ಸುಟ್ಟಗಾಯದ ವಾರ್ಡಿನಲ್ಲಿ.

ಮೊದಲ ದಿನ ಅವರು ಗಾಯವನ್ನು ನೋಡಲೇ ಇಲ್ಲ. ಅತ್ತೆಯ ಕೋಣೆಯ ಹೊಸ್ತಿಲಲ್ಲಿ ಕೂತುಕೊಂಡರು. ವಾಸನೆಗೆ ಮುಖ ಕಿವುಚಲಿಲ್ಲ, ಸೆರಗು ಮೂಗಿಗೆ ಹೋಗಲಿಲ್ಲ. "ಅಮ್ಮಾರೆ, ನಾನು ಇವತ್ತು ಏನೂ ಬಿಚ್ಚಾಕಿಲ್ಲ. ಸುಮ್ನೆ ಮಾತಾಡ್ಕಂಡು ಓಯ್ತೀನಿ. ನೀವು ಬೆಳಿಗ್ಗೆ ಎಷ್ಟೊತ್ಗೆ ಏಳ್ತೀರಿ?" ಎಂದು ಕೇಳಿದರು.

ಅತ್ತೆ ಗೋಡೆ ಕಡೆ ತಿರುಗಿದರು. ಉತ್ತರ ನಾನು ಕೊಟ್ಟೆ. ಐದಕ್ಕೆ ಏಳುತ್ತಾರೆ. ಆರಕ್ಕೆ ಕಟ್ಟು ಬಿಚ್ಚುವುದು. ಅದಾದ ಮೇಲೆ ಮೈ ಒರೆಸಿ ಮಡಿ ಉಡಿಸುವುದು. ನಮ್ಮವರು ದೇವಸ್ಥಾನ ಮುಗಿಸಿ ಬಂದು ಮನೆ ದೇವರ ಪೂಜೆ ಮಾಡಿ ತೀರ್ಥ ಕೊಡುವ ಹೊತ್ತಿಗೆ ಒಂಬತ್ತು ದಾಟುತ್ತದೆ. ತೀರ್ಥ ತೆಗೆದುಕೊಳ್ಳದೆ ಅತ್ತೆ ಒಂದು ಹನಿ ನೀರೂ ಬಾಯಿಗೆ ಹಾಕುವವರಲ್ಲ.

"ಮಾತ್ರೆ ಯಾವಾಗ ಕೊಡ್ತೀರವ್ವ?"

"ಪೂಜೆ ಆದಮೇಲೆ. ಕಾಫಿ ಜೊತೆ."

ಜವರಮ್ಮ ಹಣೆ ಹಣೆ ಬಡಿದುಕೊಂಡರು. "ಅಯ್ಯೋ ನನ್ನವ್ವ! ಆರ್ಗಂಟೆಗೆ ಕೂಗಾಡಿ ಸುಸ್ತಾದ ಜೀವಕ್ಕೆ ಒಂಬತ್ಗಂಟೆಗೆ ನೋವಿನ ಮಾತ್ರೆಯಾ? ನೀವು ಇಷ್ಟು ದಿನ ಮಾತ್ರೆನ ನೋವ್ಗೆ ಕೊಟ್ಟಿಲ್ಲ ಕಣವ್ವ, ಕಾಫಿಗೆ ಕೊಟ್ಟಿದ್ದೀರಿ."

ಎಷ್ಟು ಸರಳವಾದ ವಿಷಯ! ಮನೆಯಲ್ಲಿ ಓದಿದವರು ನಾವು, ಡಾಕ್ಟರ ಚೀಟಿಯನ್ನು ಓದಿ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದೇವೆ ಎಂಬ ಹೆಮ್ಮೆಯೂ ಇತ್ತು. ಕಟ್ಟು ಬಿಚ್ಚಿದರೆ ಮೈಲಿಗೆ, ಮೈಲಿಗೆಯಾದರೆ ಮೈ ಒರೆಸಬೇಕು, ಮೈ ಒರೆಸದೆ ದೇವರ ಮುಂದೆ ಕೂರುವಂತಿಲ್ಲ, ದೇವರ ತೀರ್ಥವಿಲ್ಲದೆ ಮಾತ್ರೆ ಇಲ್ಲ. ಇದರಲ್ಲಿ ಯಾವುದೂ ನಮಗೆ ತಪ್ಪಾಗಿ ಕಂಡಿರಲಿಲ್ಲ. ಮೂರು ವಾರ ಆ ಹೆಂಗಸನ್ನು ಬರಿ ಹೊಟ್ಟೆಯಲ್ಲಿ, ಮಾತ್ರೆಯಿಲ್ಲದೆ ನಾವೇ ಸುಲಿದಿದ್ದೆವು.

"ಹಾಗಾದರೆ ತೀರ್ಥಕ್ಕೆ ಮುಂಚೆ ನುಂಗು ಅಂತೀಯಾ? ಅದಾಗದು" ಎಂದರು ಅತ್ತೆ, ಗೋಡೆ ಕಡೆ ಮುಖ ಮಾಡಿಕೊಂಡೇ.

"ನಾನ್ಯಾಕೆ ಅಂಗಂದೇನು? ನಿಮ್ಮ ದೇವ್ರು ಮೊದ್ಲು. ಪೂಜೆ ಆಗ್ಲಿ, ತೀರ್ಥ ತಕ್ಕಳಿ, ಊಟ ಮಾಡಿ. ಅನ್ನದ ಮೇಲೆ ಮಾತ್ರೆ ತಕ್ಕಳಿ. ಅದು ಮೈಗೆ ಅತ್ತೋಗಂಟ ಒಂದ್ಗಂಟೆ ಕಾಯಾನ. ಆಮೇಕೆ ಬಿಚ್ಚಾನ, ನೀವು ಊಂ ಅಂದ್ರೆ."

"ಹಿಂದಿನ ದಿನದ ಕಟ್ಟು ಮೈಮೇಲೆ ಇಟ್ಟುಕೊಂಡು ದೇವರ ಮುಂದೆ ಕೂರಲಾ?"

ಇದು ನಿಜವಾದ ತೊಡಕು. ನನಗೆ ಸಿಟ್ಟು ಬಂತು, ಈ ಹೊತ್ತಿನಲ್ಲೂ ಮಡಿಯೇ ಎಂದು. ಜವರಮ್ಮನಿಗೆ ಬರಲಿಲ್ಲ. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು, ಇಲ್ಲವೇ ಉಪದೇಶ ಮಾಡುತ್ತಿದ್ದರು. ಅವರು ಅದನ್ನು ಗಾಯದಷ್ಟೇ ಗಂಭೀರವಾಗಿ ತೆಗೆದುಕೊಂಡು ಯೋಚನೆ ಮಾಡಿದರು. ಮೇಲೆ ಜಂತೆಗೆ ಕಟ್ಟಿದ್ದ ಗಳದ ಮೇಲೆ ಅತ್ತೆಯ ಮಡಿ ಸೀರೆ ಒಣಗುತ್ತಿತ್ತು. ಅದನ್ನು ನೋಡುತ್ತಾ, "ಅಲ್ಲಿ ಒಣಗಾಕಿರಾ ಬಟ್ಟೆ ಮಡಿ ಅಲ್ವಾ ಅಮ್ಮಾರೆ? ಅಂಥದ್ದೊಂದು ಗೇಣು ಅಗಲದ ಬಟ್ಟೆ ದಿನಾ ಒಗ್ದು ಅದೇ ಗಳದ ಮ್ಯಾಲೆ ಒಣಗಾಕುಸ್ತೀನಿ. ಬೆಳಿಗ್ಗೆ ಮೈ ಒರುಸ್ಕಂಡ್ಮೇಕೆ ನಿಮ್ಮ ಸೊಸೆ ಮಡೀಲೇ ಅದ ಕಟ್ಟಿನ ಮ್ಯಾಲೆ ಸುತ್ಲಿ. ಮ್ಯಾಲೆ ಮಡಿ ಇರ್ತದೆ, ಒಳ್ಗೆ ನಿಮ್ಮ ಮೈ ಇರ್ತದೆ. ನಿಮ್ಮ ದೇವ್ರು ಅಷ್ಟು ಒಪ್ಕಳಾಕಿಲ್ವಾ?" ಎಂದರು.

ಅತ್ತೆ ಈ ಕಡೆ ತಿರುಗಿದರು. "ಒಪ್ಕೋತಾನೆ. ಅವನು ನಿನ್ನಷ್ಟು ತಕರಾರಿನವನಲ್ಲ" ಎಂದರು. ಐದು ದಿನದಲ್ಲಿ ಅವರು ಆಡಿದ ಮೊದಲ ತಮಾಷೆಯ ಮಾತು ಅದು. ನನಗೆ ಜೀವ ಬಂದಂತಾಯಿತು.

ಆ ದಿನವೇ ಜವರಮ್ಮ ನನ್ನನ್ನು ಪಾಂಡವಪುರದ ಡಾಕ್ಟರ ಹತ್ತಿರ ಓಡಿಸಿದರು. ಕಟ್ಟು ಬಿಚ್ಚುವ ಮುಂಚಿನ ಹೊತ್ತಿಗೆ ಇನ್ನೂ ಜೋರಾದ ಮಾತ್ರೆ ಕೊಡಬಹುದೇ, ಎಷ್ಟು ಕೊಡಬಹುದು, ಎಲ್ಲ ಕೇಳಿಕೊಂಡು ಬಾ ಎಂದರು. ಡಾಕ್ಟರು ಬರೆದುಕೊಟ್ಟರು. ವಾಸನೆಗೆ ಒಂದು ಮಾತ್ರೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸುವ ಉಪಾಯವನ್ನೂ ಜವರಮ್ಮನೇ ನೆನಪಿಸಿ, ಅದಕ್ಕೂ ಡಾಕ್ಟರಿಂದ ಹೂಂ ಅನ್ನಿಸಿಕೊಂಡು ಬರಲು ಹೇಳಿದ್ದರು. ತನ್ನ ಕಸುಬು ಎಲ್ಲಿಗೆ ಮುಗಿಯುತ್ತದೆ, ಡಾಕ್ಟರದ್ದು ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಅವರಿಗೆ ಗೆರೆ ಎಳೆದಷ್ಟು ಸ್ಪಷ್ಟವಾಗಿತ್ತು.

ಮಾರನೆಯ ದಿನ ಒಂದು ಗಂಟೆಯ ಬಸ್ಸಿಗೆ ಬಂದರು. ಅತ್ತೆಯ ಊಟವಾಗಿತ್ತು, ಮಾತ್ರೆ ಒಳಗೆ ಹೋಗಿತ್ತು. ಜವರಮ್ಮ ಮೊದಲು ಫ್ಯಾನು ಆರಿಸಿದರು, ಕಿಟಕಿ ಹಾಕಿದರು. ಬಿಚ್ಚಿದ ಗಾಯಕ್ಕೆ ಗಾಳಿ ತಾಕಿದರೂ ಉರಿಯುತ್ತದೆ ಎಂದು ಆವರೆಗೆ ನಮಗೆ ಯಾರೂ ಹೇಳಿರಲಿಲ್ಲ. ವೈರ್ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದರು. ಅದರೊಳಗೆ ಕುದಿಸಿದ ಕತ್ತರಿ, ಚಿಮಟ. ನನ್ನ ಕೈಯಲ್ಲಿ ಉಪ್ಪು ಹಾಕಿ ನೀರು ಕುದಿಸಿ ಆರಿಸಿಡಿಸಿದ್ದರು. ಅದನ್ನು ತನ್ನ ಮೊಣಕೈ ಒಳಭಾಗಕ್ಕೆ ಹನಿಸಿಕೊಂಡು, ಎಳೆಮಗುವಿನ ಸ್ನಾನದ ನೀರು ನೋಡುವ ಹಾಗೆ ಬಿಸಿ ನೋಡಿದರು. ಆಮೇಲೆ ಅತ್ತೆಯ ಹತ್ತಿರ ಹೋಗಿ ಬಗ್ಗಿ ಹೇಳಿದರು:

"ನೋಡಿ ಅಮ್ಮಾರೆ. ಸಾಕು ಅಂದ್ರೆ ನಾನು ನಿಲ್ಲುಸ್ತೀನಿ. ಯಾಕೆ ಅಂತ ಕೇಳಾಕಿಲ್ಲ. ಇನ್ನೊಂಚೂರು ತಡ್ಕಳಿ ಅಂತ ಅನ್ನಾಕಿಲ್ಲ. ಯಾರೂ ನಿಮ್ಮ ಕೈ ಇಡ್ಕಳಾಕಿಲ್ಲ."

ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನೇ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಕಟ್ಟಿನ ಮೇಲೆ ನೀರು ಹನಿಸಿದರು. ಕಾದರು. ಮತ್ತೆ ಹನಿಸಿದರು. ಮತ್ತೆ ಕಾದರು. ಇಷ್ಟೇ ಕೆಲಸ ಎಂದು ಬರೆಯುವುದು ಸುಲಭ, ಅದನ್ನು ನೋಡುತ್ತಾ ನಿಲ್ಲುವುದು ಕಷ್ಟ. ನನಗೆ ಹತ್ತು ನಿಮಿಷಕ್ಕೇ ಕಾಲು ತುರಿಸತೊಡಗಿತು. ಆರೇಳು ದಿನದ ಕಟ್ಟು, ಕಲ್ಲಿನ ಹಾಗೆ ಅಂಟಿಕೊಂಡಿತ್ತು. ಅದಕ್ಕೆ ಅವರು ಕೊಟ್ಟದ್ದು ಮುಕ್ಕಾಲು ಗಂಟೆ. "ಬಟ್ಟೆ ತಾನಾಗೇ ಬುಟ್ಕಡ್ಬೇಕು ಕಣವ್ವ. ನಾವು ಬುಡುಸ್ಬಾರ್ದು" ಎಂದು ನನಗೆ ಹೇಳಿ, ಅತ್ತೆಯ ಹತ್ತಿರ ಪುಳಿಯೋಗರೆ ಗೊಜ್ಜಿಗೆ ಎಳ್ಳು ಹುರಿದು ಹಾಕುವುದೋ ಹಸಿಯೋ ಎಂದು ವಿಚಾರಿಸತೊಡಗಿದರು.

ತುದಿ ಸಡಿಲವಾದಾಗ ಆ ದಪ್ಪ ಬೆರಳುಗಳು ಕೆಲಸಕ್ಕಿಳಿದವು. ಅಷ್ಟು ಹಗುರವಾಗಿ ಯಾರಾದರೂ ಏನನ್ನಾದರೂ ಮುಟ್ಟಿದ್ದನ್ನು ನಾನು ಕಂಡಿಲ್ಲ, ಹೆತ್ತ ಮಗುವನ್ನು ನಾನೇ ಹಾಗೆ ಮುಟ್ಟಿರಲಿಲ್ಲ. ಅತ್ತೆ "ಸಾಕು" ಎಂದರು. ಜವರಮ್ಮ ತಕ್ಷಣ ಎರಡೂ ಕೈ ಎತ್ತಿ ಹಾಗೇ ಗಾಳಿಯಲ್ಲಿ ನಿಲ್ಲಿಸಿದರು. ಒಂದು ಮಾತಿಲ್ಲ. ಅತ್ತೆ ಮತ್ತೆ ಹೂಂ ಎನ್ನುವವರೆಗೆ ಹಾಗೇ ಇದ್ದರು. ಸ್ವಲ್ಪ ಮುಂದೆ ಹೋದಮೇಲೆ ಮತ್ತೆ ಸಾಕು. ಮತ್ತೆ ಕೈ ಮೇಲೆ. ಮೂರನೆಯ ಸಲವೂ ಹಾಗೇ ಆಯಿತು, ಆ ಸಲ ಐದು ನಿಮಿಷವಾದರೂ ಕೈ ಎತ್ತಿಕೊಂಡು ಕೂತಿದ್ದಿರಬೇಕು. ಕಂಕುಳಲ್ಲಿ ಬೆವರು ಇಳಿದು ರವಿಕೆ ಒದ್ದೆಯಾಯಿತು. ಆಮೇಲೆ ಅತ್ತೆ ಸಾಕು ಅನ್ನಲೇ ಇಲ್ಲ. ಕೊನೆಯ ಎಳೆ ಬಟ್ಟೆ ಒಂದು ತೊಟ್ಟು ರಕ್ತವಿಲ್ಲದೆ ಕಳಚಿಬಂತು. ಅತ್ತೆ ಕೂಗಲಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ.

ಜವರಮ್ಮ ಹೋದಮೇಲೆ ಅತ್ತೆ ನನಗೆ ಗುಟ್ಟಾಗಿ ಹೇಳಿದರು: "ಆ ಮೂರು ಸಲವೂ ನನಗೆ ನೋವಾಗಿರಲಿಲ್ಲ ಕಣೇ. ಹೇಳಿದ ಹಾಗೆ ನಿಲ್ಲಿಸ್ತಾಳೋ ಇಲ್ವೋ ಅಂತ ನೋಡಿದೆ."

ಮುಂದಿನ ಸಲ ಬಸ್ ಸ್ಟಾಪಿನವರೆಗೆ ಕಳಿಸಲು ಹೋದಾಗ ನಾನು ಇದನ್ನು ಜವರಮ್ಮನಿಗೆ ಹೇಳಿದೆ. "ಗೊತ್ತಿತ್ತು ಬುಡವ್ವ. ಎಲ್ಲಾರೂ ನೋಡ್ತಾರೆ. ನೋಡ್ಲೇಬೇಕು" ಎಂದು ನಕ್ಕರು.

ಅಂದಿನಿಂದ ದಿನ ಬಿಟ್ಟು ದಿನ ಒಂದು ಗಂಟೆಯ ಬಸ್ಸು ನಮ್ಮ ಮನೆಯ ಗಡಿಯಾರವಾಯಿತು. ನಮ್ಮ ಹಿತ್ತಲ ಬಾಳೆಯ ಸುಳಿ ಎಲೆಯನ್ನು ತೊಳೆದು, ಇಡ್ಲಿ ಪಾತ್ರೆಯಲ್ಲಿ ಹಬೆಯಾಡಿಸಿ, ಆರಿಸಿ, ಗಾಯದ ಮೇಲೆ ಮೊದಲು ಅದನ್ನು ಹಾಸಿ ಆಮೇಲೆ ಬಟ್ಟೆ ಕಟ್ಟುವುದನ್ನು ಶುರುಮಾಡಿದರು. ಸುಟ್ಟಗಾಯದ ವಾರ್ಡಿನಲ್ಲಿ ಕಲಿತದ್ದಂತೆ. ಎಲೆ ನುಣುಪು, ಗಾಯಕ್ಕೆ ಅಂಟುವುದಿಲ್ಲ. ಮುಕ್ಕಾಲು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕಿಳಿಯಿತು. "ಎಲೆ ಹಾಕಿ ಆಯ್ತು, ಬಡಿಸೋದು ಯಾವಾಗ?" ಎಂದು ಅತ್ತೆ ಪ್ರತಿ ಸಲ ಕೇಳುವರು, ಜವರಮ್ಮ ಪ್ರತಿ ಸಲ ಹೊಸದಾಗಿ ಕೇಳಿದಂತೆ ನಗುವರು. ವಾಸನೆ ವಾರದೊಳಗೆ ಹೋಯಿತು. ಮಗಳು ಅಜ್ಜಿಯ ಮಂಚಕ್ಕೆ ವಾಪಸು ಹೋದಳು. ಹುಣ್ಣೇನೂ ವಾಸಿಯಾಗಲಿಲ್ಲ, ಬೆಳೆಯುತ್ತಲೇ ಇತ್ತು. ಜವರಮ್ಮ ಅದನ್ನು ಯಾವತ್ತೂ ಮುಚ್ಚಿಡಲಿಲ್ಲ, ಅತ್ತೆ ಕೇಳಿದಾಗ "ಒಂದು ಬೆರಳಗ್ಲ ಜಾಸ್ತಿ ಆಗ್ಯದೆ ಅಮ್ಮಾರೆ" ಎಂದು ಇದ್ದದ್ದನ್ನೇ ಹೇಳುತ್ತಿದ್ದರು. ಕಾಯಿಲೆಯನ್ನು ಓಡಿಸುವ ಆಸೆ ಅವರಿಗೆ ಇರಲಿಲ್ಲ. ಈ ಒಂದು ಹೊತ್ತಿನಲ್ಲಿ ಈ ಹೆಂಗಸು ಕೂಗಬಾರದು, ಅಷ್ಟೇ ಅವರ ಹಟ.

ಇನ್ನೊಂದು ಬರೆಯಲೇಬೇಕು. ಮೊದಮೊದಲು ಅವರಿಗೆ ಕಾಫಿ ಕೊಡುತ್ತಿದ್ದ ಲೋಟವನ್ನು ನಾವು ಬೇರೆ ಇಡುತ್ತಿದ್ದೆವು, ಹಿತ್ತಲ ಗೂಡಿನಲ್ಲಿ. ಅವರಿಗದು ಗೊತ್ತಿತ್ತು, ಏನೂ ಅಂದಿರಲಿಲ್ಲ. ಒಂದು ತಿಂಗಳಾದಮೇಲೆ ಅತ್ತೆ ತಾವಾಗಿಯೇ, "ಆ ಲೋಟ ಒಳಗಿಡೇ. ನನ್ನ ಮೈ ಅಷ್ಟು ಮುಟ್ಟಿದೋರಿಗೆ ಬೇರೆ ಲೋಟ ಏನು" ಎಂದರು. ನನಗೆ ಬಹಳ ಹಿಂದೆಯೇ ಹೊಳೆಯಬೇಕಿತ್ತು.

ನೀರು ಹನಿಸಿ ಕಾಯುವ ಹೊತ್ತಿನಲ್ಲಿ ಅವರು ಕಥೆ ಹೇಳುತ್ತಿದ್ದರು. ಒಂದು ದಿನ ಅತ್ತೆ, "ಈ ತಾಳ್ಮೆ ಹುಟ್ಟಿನಿಂದಲೇ ಬಂದದ್ದೋ?" ಎಂದು ಕೇಳಿದಾಗ ಜವರಮ್ಮ ಜೋರಾಗಿ ನಕ್ಕುಬಿಟ್ಟರು.

"ತಾಳ್ಮೆಯಾ? ನಾನು ಸೇರ್ಕಂಡಾಗ ಇಡೀ ವಾರ್ಡ್ನಲ್ಲಿ ಬಿರ್ಬಿರ್ನೆ ಕಟ್ಟು ಕೀಳ್ತಿದ್ದೋಳು ನಾನೇ ಕಣಮ್ಮಾರೆ. ಡಾಕ್ಟ್ರು ಬರಾದ್ರೊಳ್ಗೆ ಎಲ್ಲಾರ್ದೂ ಮುಗಿಸ್ಬುಡ್ತಿದ್ದೆ. ಬೇಷ್ ಜವರಮ್ಮ ಅನ್ನೋರು. ನಂದೊಂದು ತಳ್ಳಾಗಾಡಿ ಇತ್ತು, ಚಕ್ರ ಕಿರ್‍ರ್ ಅಂತಿತ್ತು. ಒಂದಿನ ಒಂದು ಎಣ್ಣುಡ್ಗಿ, ಒಸ್ದಾಗಿ ಮದ್ವೆಯಾದೋಳು, ಸ್ಟವ್ ಸಿಡ್ದು ಬೆಂದೋಗಿದ್ಲು. ಗಾಡಿ ಸದ್ದು ಕೇಳ್ಬುಟ್ಟು ಆಸ್ಗೆಯಾಗೇ ಉಚ್ಚೆ ಉಯ್ಕಂಡ್ಬುಟ್ಲು. ನಾನಿನ್ನೂ ಬಾಕ್ಲಲ್ಲೇ ಇವ್ನಿ. ನಂಗೆ ಅವಮಾನ ಆಗೋಯ್ತು. ಓಗಿ ಚಕ್ರಕ್ಕೆ ಎಣ್ಣೆ ಬುಟ್ಟೆ."

"ಒಳ್ಳೇದೇ ಮಾಡಿದೆಯಲ್ಲ."

"ಎಲ್ಲಿ ಒಳ್ಳೇದು? ಮೊದ್ಲು ಗಾಡಿ ಬಂದಾಗ ಮಾತ್ರ ಎದುರ್ಕತಿದ್ರು. ಸದ್ದು ನಿಂತ್ಮೇಕೆ, ಯಾವಾಗ ಬಂದ್ಬುಡ್ತಾಳೋ ಅಂತ ದಿನವೆಲ್ಲ ಬಾಕ್ಲು ನೋಡ್ಕಂಡು ನಡುಗ್ತಾ ಬಿದ್ದಿರೋರು. ಎರಡು ದಿನ ನೋಡ್ದೆ. ಚಕ್ರದ ಎಣ್ಣೆ ಒರ್ಸಾಕ್ದೆ. ಆವತ್ತಿಂದ ನನ್ನ ಕೈ ನಿಧಾನ ಮಾಡ್ಕಂಡೆ. ಡಾಕ್ಟ್ರು ಬೈದ್ರು, ಸಿಸ್ಟ್ರು ಬೈದ್ರು. ಆ ಎಣ್ಣುಡ್ಗಿ ಉಳೀಲಿಲ್ಲ. ಆದ್ರೆ ಕೊನೆಕೊನೇಲಿ ಗಾಡಿ ಸದ್ದು ಕೇಳುದ್ರೆ ಈ ಕಡೆ ತಿರುಗೋಳು."

ಅವರು ಬಗ್ಗಿ ಮತ್ತೆ ನೀರು ಹನಿಸಿದರು.

ಕೆ.ಆರ್. ಪೇಟೆಯಿಂದ ನಾದಿನಿ ಬಂದಿದ್ದಾಗ ಒಂದು ಪ್ರಸಂಗ ನಡೆಯಿತು. ತಾಯಿಯ ಮೇಲೆ ಪ್ರೀತಿಯಿಲ್ಲದವಳಲ್ಲ, ಆದರೆ ಇದನ್ನೆಲ್ಲ ನೋಡಿ ಅಭ್ಯಾಸವಿಲ್ಲ. ಅತ್ತೆ ಎರಡು ಸಲ ಸಾಕು ಎಂದು, ಎರಡು ಸಲವೂ ಜವರಮ್ಮ ಕೈ ಎತ್ತಿ ಕೂತಾಗ ಅವಳಿಗೆ ತಡೆಯಲಾಗಲಿಲ್ಲ. "ಅಷ್ಟೇನು ನೋವಿರಲ್ಲ ಬಿಡಿ. ಅಮ್ಮ ಸ್ವಲ್ಪ ಜಾಸ್ತಿ ಮಾಡ್ತಾಳೆ, ನೀವು ಮಾಡಿ ಮುಗಿಸಿ" ಎಂದುಬಿಟ್ಟಳು.

"ಅಂಗಂತ ಅಮ್ಮಾರು ಯೋಳುದ್ರಾ?"

"ಇಲ್ಲ, ಆದರೆ..."

"ಮತ್ತೆ?"

ಅಷ್ಟೇ. ದನಿ ಏರಿಸಲಿಲ್ಲ. ಕೈ ಮಾತ್ರ ಎತ್ತಿದ ಕಡೆಯಿಂದ ಇಳಿಯಲಿಲ್ಲ. ನಾದಿನಿ ಎದ್ದು ಅಡುಗೆಮನೆಗೆ ಹೋದಳು. ಅತ್ತೆ ಕಣ್ಣು ಮುಚ್ಚಿಕೊಂಡು ಮುಗುಳ್ನಕ್ಕಿದ್ದನ್ನು ನಾನೊಬ್ಬಳೇ ನೋಡಿದೆ.

ಇನ್ನೊಬ್ಬರ ತಪ್ಪು ಬರೆದಮೇಲೆ ನನ್ನದನ್ನೂ ಬರೆಯಬೇಕು. ತಂಗಿಯ ಮಗಳ ಬಾಣಂತನಕ್ಕೆಂದು ಜವರಮ್ಮ ಎಂಟು ದಿನ ದೇವಲಾಪುರಕ್ಕೆ ಹೋಗಬೇಕಾಯಿತು. ಹೋಗುವ ಮುಂಚೆ ಎರಡು ವಾರ ನನಗೆ ಕೆಲಸ ಕಲಿಸಿದರು. ನೀರಿನ ಬಿಸಿ, ಎಲೆಯ ಹದ, ಕಾಯುವುದು. ಮೊದಲ ಎರಡು ಸಲ ನಾನು ಚೆನ್ನಾಗಿಯೇ ಮಾಡಿದೆ, ಅತ್ತೆ "ಪರವಾಗಿಲ್ಲ, ನಿನ್ನ ಕೈಗೂ ಬುದ್ಧಿ ಬಂತು" ಎಂದರು. ಮೂರನೆಯ ಸಲ ಮಗಳ ಸ್ಕೂಲ್ ಡೇ. ಪಾಂಡವಪುರದಲ್ಲಿ ನಾಲ್ಕು ಗಂಟೆಗೆ ಅವಳ ಕೋಲಾಟ, ನಾನು ಎರಡೂವರೆ ಬಸ್ಸು ಹಿಡಿಯಬೇಕು ಎಂದು ಲೆಕ್ಕ ಹಾಕಿದ್ದೆ. ಎಲೆ ಜಾರಿ ಒಂದು ಮೂಲೆಯಲ್ಲಿ ಬಟ್ಟೆ ಗಾಯಕ್ಕೆ ಅಂಟಿತ್ತು. ಹನಿಸಿದೆ, ಕಾದೆ, ಗಡಿಯಾರ ನೋಡಿದೆ. ಮತ್ತೆ ಹನಿಸಿದೆ. ಅತ್ತೆ "ಸಾಕು" ಎಂದರು. ಇನ್ನು ಒಂದೇ ಬೆರಳಿನಷ್ಟಿದೆ ಎಂದುಕೊಂಡು ನಾನು ಎಳೆದೆ.

ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ರಕ್ತ ಇಳಿಯಿತು, ನಾನು ಒತ್ತಿ ಹಿಡಿದೆ, ಅದು ನಿಂತಿತು. ಅವರು ತಮ್ಮ ಎರಡೂ ಕೈಗಳನ್ನು ಒಂದಕ್ಕೊಂದು ಹೆಣೆದು, ನಾನೆಲ್ಲಿ ಹಿಡಿದುಬಿಡುತ್ತೇನೋ ಎನ್ನುವಂತೆ, ಹೊಟ್ಟೆಯ ಕೆಳಗೆ ಸೇರಿಸಿಕೊಂಡರು. ನಾನು ಕೋಲಾಟ ನೋಡಿದೆ, ಚಪ್ಪಾಳೆ ಹೊಡೆದೆ, ಏನು ನೋಡಿದೆ ಎಂದು ಇವತ್ತಿಗೂ ನೆನಪಿಲ್ಲ.

ಜವರಮ್ಮ ವಾಪಸು ಬಂದ ದಿನ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು. ಅವರು ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡು, "ಮೂರೂವರೆಗೆ ಇನ್ನೊಂದು ಬಸ್ಸಿರ್ನಿಲ್ವಾ?" ಎಂದರು.

"ಇತ್ತು."

"ಅದುಕ್ಕೋಗು ಕಣವ್ವ, ಇನ್ಮ್ಯಾಕೆ."

ಅವತ್ತು ಅವರು ಅತ್ತೆಯ ಹತ್ತಿರ ಮೊದಲ ದಿನದ ಹಾಗೆ ಮತ್ತೆ ಮೊದಲಿನಿಂದ ಶುರುಮಾಡಿದರು. ಸಾಕು ಅಂದರೆ ನಿಲ್ಲಿಸುತ್ತೇನೆ, ಯಾಕೆ ಅಂತ ಕೇಳುವುದಿಲ್ಲ, ಯಾರೂ ಕೈ ಹಿಡಿಯುವುದಿಲ್ಲ. ಅತ್ತೆ ಮತ್ತೆ ಮೂರು ಸಲ ಪರೀಕ್ಷೆ ಮಾಡಿದರು. ನಾನು ಹಾಳುಮಾಡಿದ್ದನ್ನು ಅವರು ಒಂದು ಮಧ್ಯಾಹ್ನ ಕೂತು ಕಟ್ಟಿಕೊಟ್ಟರು. ಒಂದು ವಾರ ಬಿಟ್ಟು ಅತ್ತೆಯೇ, "ಇವತ್ತು ಅವಳ ಕೈಯಲ್ಲಿ ಮಾಡಿಸು, ಕಲೀಲಿ" ಎಂದು ನನ್ನನ್ನು ತೋರಿಸಿದರು. ನನಗೆ ಸಿಕ್ಕ ದೊಡ್ಡ ಕ್ಷಮೆ ಅದು.

ಹೀಗೆ ಎಂಟು ತಿಂಗಳು ನಡೆಯಿತು. ಶಿವರಾತ್ರಿ ಕಳೆದಮೇಲೆ ಶುರುವಾದದ್ದು ದಸರೆಯಾಚೆಗೂ ಹೋಯಿತು. ಅತ್ತೆ ಸೊರಗಿ ಸೊರಗಿ ಮಂಚದ ಒಂದು ಅಂಚಿಗೆ ಬಂದಿದ್ದರು. ಆದರೂ ಒಂದು ಗಂಟೆಯ ಬಸ್ಸಿನ ಹಾರನ್ ಕೇಳಿದರೆ, "ಬಂದಳು ನೋಡು, ಕಾಫಿಗಿಡು" ಎನ್ನುತ್ತಿದ್ದರು. ಯಾವ ಹೊತ್ತಿಗೆ ಹೆದರಿ ಗೋಡೆ ಕಡೆ ತಿರುಗಿದ್ದರೋ ಅದೇ ಹೊತ್ತಿಗೆ ಕಾಯುವಂತಾಗಿದ್ದರು. ನಾನು ದೇವಸ್ಥಾನದ ಮನೆಗೆ ಸೊಸೆಯಾಗಿ ಬಂದು ಎಷ್ಟೋ ಪವಾಡದ ಕಥೆ ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಇದೊಂದೇ.

ಕಾರ್ತಿಕದ ಒಂದು ಬೆಳಿಗ್ಗೆ, ತೀರ್ಥ ತೆಗೆದುಕೊಂಡು ಸ್ವಲ್ಪ ಹೊತ್ತಿಗೆ, ಅತ್ತೆ ಹೋಗಿಬಿಟ್ಟರು. ನೆಂಟರು ಸೇರಿದರು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು ಎಂದು ಪುರೋಹಿತರು ಅವಸರ ಮಾಡುತ್ತಿದ್ದರು. ಸ್ನಾನ ಮಾಡಿಸಬೇಕು, ಅದಕ್ಕೆ ಮುಂಚೆ ಕಟ್ಟು ತೆಗೆಯಬೇಕು. ಹೆಂಗಸರೆಲ್ಲ ನನ್ನ ಮುಖ ನೋಡಿದರು. ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಒಂದು ಗಂಟೆಯ ಬಸ್ಸು ಬಂತು. ಅದು ಅವರ ಸರದಿಯ ದಿನ, ಹೇಳಿಕಳಿಸುವುದನ್ನು ಆ ಗಲಾಟೆಯಲ್ಲಿ ನಾವು ಮರೆತೇಬಿಟ್ಟಿದ್ದೆವು.

ಜವರಮ್ಮ ಜಗಲಿಯ ಜನ ನೋಡಿಯೇ ಅರ್ಥ ಮಾಡಿಕೊಂಡರು. ಒಳಗೆ ಬಂದು ಅತ್ತೆಯ ಪಾದ ಮುಟ್ಟಿದರು. ಏನು ಬಾಕಿ ಇದೆ ಎಂದು ನನ್ನನ್ನು ಕೇಳಿದರು, ಹೇಳಿದೆ. "ಉಪ್ನೀರು ಕಾಯ್ಸವ್ವ" ಎಂದರು.

ನಾನು ಕಾಯಿಸಿ ಆರಿಸಿ ತಂದೆ. ಅವರು ಕಿಟಕಿ ಹಾಕಿದರು. ಮೊಣಕೈಗೆ ಹನಿಸಿಕೊಂಡು ಬಿಸಿ ನೋಡಿದರು. ಕಟ್ಟಿನ ಮೇಲೆ ನೀರು ಹನಿಸಿ, ಪಕ್ಕದಲ್ಲಿ ಕೂತರು. ಹೊರಗೆ ಗಂಡಸರು ಕೆಮ್ಮಿದರು. ಪುರೋಹಿತರು ಎರಡು ಸಲ ಹೇಳಿಕಳಿಸಿದರು. ವಯಸ್ಸಾದ ನೆಂಟರೊಬ್ಬರು ಬಾಗಿಲ ಹತ್ತಿರ ಬಂದು, "ಇನ್ನೇನು ನೋವಮ್ಮ ಅವಳಿಗೆ, ಎಳೆದುಬಿಡು" ಎಂದರು. ಜವರಮ್ಮ ತಲೆ ಎತ್ತಲಿಲ್ಲ. ಮತ್ತೆ ಹನಿಸಿದರು. ಅವತ್ತು ಪುಳಿಯೋಗರೆಯ ಮಾತಿಲ್ಲ, ಆಸ್ಪತ್ರೆಯ ಮಾತಿಲ್ಲ. ನಡುವೆ ಒಮ್ಮೆ ಅವರು ಕೈ ನಿಲ್ಲಿಸಿದರು, ತೋಳಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಕೆಲಸ ಮುಂದುವರಿಸಿದರು. ಪೂರಾ ಇಪ್ಪತ್ತು ನಿಮಿಷವಾದಮೇಲೆ ಬಟ್ಟೆ ತಾನಾಗಿಯೇ ಬಿಟ್ಟುಕೊಂಡಿತು. ನೋಡುತ್ತಿದ್ದ ನಾದಿನಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಆಮೇಲೆ ಅವರು ಪಾಂಡವಪುರ ಬಿಟ್ಟು ದೇವಲಾಪುರಕ್ಕೆ, ತಂಗಿಯ ಮನೆಗೆ ಹೋದರಂತೆ. ಎರಡು ವರ್ಷ ಕಳೆದು ಔಷಧಿ ಅಂಗಡಿಯವರು ಜವರಮ್ಮ ತೀರಿಕೊಂಡರು ಎಂದಾಗ ತಿಥಿಯೂ ಆಗಿಹೋಗಿತ್ತು. ಹೋಗಿ ಒಂದು ಸಲ ನೋಡಿಕೊಂಡು ಬರಬೇಕು ಎಂದು ಮುಂದೂಡುತ್ತಾ ಬಂದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ದಿನ ಗಂಡಸರು ಅತ್ತೆಯನ್ನು ಹೊತ್ತುಕೊಂಡು ಹೋದಮೇಲೆ ಜವರಮ್ಮ ಹಿತ್ತಲಲ್ಲಿ ಕತ್ತರಿ, ಚಿಮಟ ತೊಳೆಯುತ್ತಿದ್ದರು. ನಾನು ಹಂಡೆಯಿಂದ ಬಿಸಿನೀರು ತೋಡಿ ಅವರ ಕೈಗೆ ಹಾಕುತ್ತಾ ಕೇಳಿದೆ, "ಜವರಮ್ಮನೋರೇ, ಅತ್ತೆಗೆ ಇನ್ನು ನೋವೆಲ್ಲಿತ್ತು? ಅಷ್ಟು ಜನ ಅವಸರ ಮಾಡ್ತಿದ್ದರೂ ಯಾಕೆ ಅಷ್ಟು ಹೊತ್ತು ಕಾದಿರಿ?"

ಅವರು ಚಿಮಟವನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿಕೊಂಡರು. ಮುಚ್ಚಳ ಹಾಕಿದರು. ಆಮೇಲೆ ನನ್ನ ಮುಖ ನೋಡಿ ಹೇಳಿದರು:

"ನೋವಿಲ್ಲ ಅಂತ ಅವ್ರು ಯೋಳ್ನಿಲ್ವಲ್ಲ ಕಣವ್ವ."